ಕಾಲುವೆಯ ಗುಮ್ಮ

ಗುಮ್ಮ ಎಂಬ ಪದಕ್ಕೆ ನಿಘಂಟಿನಲ್ಲಿ ಅರ್ಥ ಹುಡುಕುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹಾಗೆ ಹುಡುಕಿದವರಲ್ಲಿ ನಾನೂ ಒಬ್ಬಳು ಎನ್ನುವುದು ಬೇರೆ ಮಾತು. ಕಂಪ್ಲಿಯ ಹೈಸ್ಕೂಲೊಂದರಲ್ಲಿ ಬಹಳ ವರ್ಷ ಕನ್ನಡ ಕಲಿಸಿದವಳು ನಾನು. ಯಾವ ಪದ ಕಂಡರೂ ಅದರ ಅಪ್ಪ ಅವ್ವ ಯಾರು, ಊರು ಯಾವುದು ಎಂದು ಕೇಳುವ ಚಟ ಅಲ್ಲಿ ಅಂಟಿಕೊಂಡಿತು. ನಿಘಂಟು ಹೇಳುವುದು ಇಷ್ಟೇ: ಗುಮ್ಮ ಎಂದರೆ ಗೂಬೆ, ಮಕ್ಕಳನ್ನು ಹೆದರಿಸಲು ಹೇಳುವ ಭೂತ. ಗೂಬೆ ಪೊಟರೆಯಲ್ಲಿ ಕೂತು ಗುಂ ಗುಂ ಎನ್ನುತ್ತದೆ, ಆ ದನಿಯೇ ಹೆಸರಾಯಿತು ಎನ್ನುವುದು ಒಂದು ವಾದ. ನಮ್ಮ ಶಾಲೆಯಲ್ಲಿದ್ದ ಹಿರಿಯ ಪಂಡಿತರೊಬ್ಬರು ಇದನ್ನು ಒಪ್ಪುತ್ತಿರಲಿಲ್ಲ. ಗುಮ್ಮು ಎಂದರೆ ಗುದ್ದು, ಕೊಂಬಿನಿಂದ ತಿವಿ. ಮರೆಯಲ್ಲಿ ನಿಂತು ಗುಮ್ಮುವವನೇ ಗುಮ್ಮ ಎಂದು ಅವರು ಎಲೆಯಡಿಕೆಯ ನಡುವೆ ಹೇಳುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ಬಾಯಿ ಬಿಡದೆ ಒಳಗೊಳಗೇ ಲೆಕ್ಕ ಹಾಕುವವನನ್ನು ಗುಮ್ಮನಗುಸುಕ ಎನ್ನುತ್ತೇವಲ್ಲ, ಅದನ್ನು ಹಿಡಿದುಕೊಂಡು ಗುಮ್ಮ ಎಂದರೆ ಸದ್ದಿಲ್ಲದೆ ಕಾಯುವವನು ಎಂದೆ.

"ನಿಮ್ಮದು ವಾದ ಅಲ್ಲರಿ, ಹಟ" ಎಂದರು ಪಂಡಿತರು. ಇರಬಹುದು.

ಜಗಳ ಬಗೆಹರಿಯದೆ ಇದ್ದಾಗ ಒಂದು ದಿನ ತರಗತಿಯ ಮಕ್ಕಳನ್ನೇ ಕೇಳಿದೆ, ನಿಮ್ಮೂರಲ್ಲಿ ಗುಮ್ಮ ಎಲ್ಲಿರುತ್ತಾನೆ ಎಂದು. ದೊಡ್ಡ ಮಕ್ಕಳು, ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಸಂಡೂರಿನಿಂದ ಬಂದು ಅಜ್ಜಿಯ ಮನೆಯಲ್ಲಿದ್ದ ಹುಡುಗಿ, ಗುಡ್ಡದ ಅದಿರಿನ ಗುಂಡಿಯಲ್ಲಿ ಎಂದಳು. ಕಂಪ್ಲಿಯ ಹೊಳೆ ದಂಡೆಯವರೆಲ್ಲ ಒಂದೇ ಬಾಯಲ್ಲಿ ಮಡುವಿನಲ್ಲಿ ಎಂದರು. ಹಂಪಿ ಬಜಾರಿನ ಕಡೆಯವನೊಬ್ಬ, ಯಾವಾಗ ಕಲ್ಲು ಕಳಚಿ ಬೀಳುತ್ತದೋ ತಿಳಿಯದ ಹಳೆಯ ಮಂಟಪದ ಹಿಂದೆ ಎಂದ. ರೂಪ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ವಿಳಾಸ ಮಾತ್ರ ಎಲ್ಲರಿಗೂ ಗೊತ್ತು. ಎಲ್ಲಿ ಮಗು ಸಾಯಬಹುದೋ ಅಲ್ಲಿ ಅವನ ಮನೆ. ಗುಮ್ಮ ಎಂಬ ಪದದ ಮೂಲ ತಾಯಂದಿರ ಭಯ ಎಂದು ನಾನು ಅವತ್ತು ತೀರ್ಮಾನ ಮಾಡಿದೆ. ಪಂಡಿತರು ಒಪ್ಪಲಿಲ್ಲ, ನಾನು ಬಿಡಲಿಲ್ಲ.

ನಿಜ ಹೇಳಬೇಕೆಂದರೆ ಇದು ನನಗೆ ತರಗತಿಯಲ್ಲಿ ತಿಳಿದದ್ದಲ್ಲ. ಚಿಕ್ಕವಳಿದ್ದಾಗಲೇ, ಹೊಸಪೇಟೆಯಲ್ಲಿ, ಕಾಲುವೆಯ ಮೋರಿಯೊಳಗೆ ಮಂಡಿಯೂರಿ ಕೂತಾಗ ತಿಳಿದದ್ದು.

ಅರವತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಚಿತ್ತವಾಡ್ಗಿಯ ಒಂದು ಓಣಿಯಲ್ಲಿತ್ತು. ಅಪ್ಪ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದ, ಅವ್ವ ಬಾಳೆತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದಳು. ಕಾಲುವೆಯ ನೀರಿನಿಂದ ಊರು ಬದಲಾಗುತ್ತಿದ್ದ ಕಾಲ ಅದು. ಹುಲ್ಲಿನ ಛಾವಣಿಯ ಜಾಗದಲ್ಲಿ ಹೆಂಚು ಬಂದವು, ಸೈಕಲ್ ಬಂದವು, ಒಂದು ಮನೆಯಲ್ಲಿ ರೇಡಿಯೋ ಹಾಡಿದರೆ ಓಣಿಯೆಲ್ಲ ಕೇಳುತ್ತಿತ್ತು. ವರ್ಷವಿಡೀ ನೀರು, ವರ್ಷವಿಡೀ ಕೆಲಸ. ಹೆಂಗಸರು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಹೊತ್ತು ಮುಳುಗುವಾಗ ಬರುತ್ತಿದ್ದರು. ಮನೆಯ ಹಿಂದೆಯೇ ಕಾಲುವೆ ತುಂಬಿ ಹರಿಯುತ್ತಿತ್ತು. ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಗುಮ್ಮನೇ.

ಅವನಿಗೆ ನಮ್ಮ ಓಣಿಯಲ್ಲಿ ಕೈತುಂಬ ಕೆಲಸವಿತ್ತು. ಅವನು ನೀರಿನಲ್ಲಿರುತ್ತಾನೆ ಎಂದು ಎಲ್ಲ ಮನೆಯ ತಾಯಂದಿರೂ ಹೇಳುತ್ತಿದ್ದರು. ನಮ್ಮವ್ವ ಇದಕ್ಕೆ ತನ್ನದೊಂದು ಮಾತು ಸೇರಿಸಿದ್ದಳು. ಅವಳು ಬಟ್ಟೆ ಒಗೆಯಲು ಕಾಲುವೆಗೆ ಹೋದಾಗ ನಾನು ಬೆನ್ನು ಹತ್ತುತ್ತಿದ್ದೆ, ಅದನ್ನು ಬಿಡಿಸಬೇಕಿತ್ತು. ಒಂದು ದಿನ ಗದ್ದ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ನಾ ನಿನ್ನ ಎಂದೂ ಕಾಲುವೆಗೆ ಕರೆಯಂಗಿಲ್ಲ. ಕಾಲುವೆ ಕಡಿಂದ ನನ್ನ ದನಿ ಕೇಳಿತಂದ್ರ ಅದು ನಾನಲ್ಲ. ಗುಮ್ಮ ನನ್ನ ದನಿ ಮಾಡ್ತಾನ. ಹೋಗಬ್ಯಾಡ. ತಿಳೀತಾ?"

ತಿಳಿಯಿತು. ಎಷ್ಟು ತಿಳಿಯಿತೆಂದರೆ, ಅವ್ವ ಒಗೆದ ಬಟ್ಟೆ ಹೊತ್ತುಕೊಂಡು ಕಾಲುವೆಯ ಕಡೆಯಿಂದ ಬರುತ್ತಾ ಮಾತಾಡಿಸಿದರೆ ನಾನು ಬಾಗಿಲ ಹಿಂದೆ ನಿಂತು, ಅವಳು ಅಂಗಳಕ್ಕೆ ಕಾಲಿಟ್ಟ ಮೇಲೆಯೇ ಉತ್ತರ ಕೊಡುತ್ತಿದ್ದೆ. ಅವ್ವನಿಗೆ ಇದು ಭಾರಿ ಖುಷಿ ಕೊಟ್ಟಿತ್ತು. ತನ್ನ ಮಗಳು ಹೇಳಿದ ಮಾತು ಕೇಳುತ್ತಾಳೆ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದಳು.

ಗುಮ್ಮನ ಸ್ವಂತ ದನಿಯನ್ನೂ ನಾವು ಕೇಳಿದ್ದೆವು. ಸಂಜೆ ಮಕ್ಕಳು ದಂಡೆಯ ಕಡೆ ಆಡುತ್ತಾ ಉಳಿದರೆ ಹುಣಸೆಮರದ ಆಚೆಯಿಂದ ಗುಂ... ಎಂದು ಸದ್ದು ಬರುತ್ತಿತ್ತು. ನಾವು ಚಪ್ಪಲಿ ಬಿಟ್ಟು ಓಡುತ್ತಿದ್ದೆವು. ಆ ಸದ್ದು ಮಾಡುತ್ತಿದ್ದವನು ನಮ್ಮ ಓಣಿಯ ಕೊನೆಯ ಮನೆಯ ನೀರಗಂಟಿ ಮುದುಕ ಎಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡುವುದು ಅವನ ಕೆಲಸ. ಎರಡು ಅಂಗೈ ಕೂಡಿಸಿ, ಹೆಬ್ಬೆರಳ ಸಂದಿನಲ್ಲಿ ಊದುತ್ತಿದ್ದನಂತೆ. ತಾಯಂದಿರು ಹೋಗಿ, "ಮಾವಾ, ಇವತ್ತು ಒಂಚೂರು ಊದಿಬಿಡು" ಎಂದು ಕೇಳಿಕೊಳ್ಳುತ್ತಿದ್ದರಂತೆ. ಕೆಲಸ ಮುಗಿಸಿ ಅವನು ಬೀಡಿ ಸೇದುತ್ತಾ ನಮ್ಮ ಮುಂದೆಯೇ ಹಾದುಹೋಗುತ್ತಿದ್ದ. ಗುಮ್ಮನನ್ನು ಕಂಡೆಯಾ ಮುತ್ಯಾ ಎಂದು ನಾವು ಕೇಳಿದರೆ, "ಈಗ ಆ ಕಡೆ ಹೋದ" ಎಂದು ಕೈ ತೋರಿಸುತ್ತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯವರು ಆಂಧ್ರದ ಕಡೆಯಿಂದ ಬಂದವರು, ಕಾಲುವೆಯ ಕೆಳಗೆ ಗದ್ದೆ ಗುತ್ತಿಗೆ ಹಿಡಿದು ಭತ್ತ ಬೆಳೆಯುತ್ತಿದ್ದರು. ಅವರ ಮಗಳು ನನ್ನ ಗೆಳತಿ. ನನಗಿಂತ ಒಂದು ಗೇಣು ಎತ್ತರ, ಮಾತಿನಲ್ಲಿ ಇನ್ನೂ ಎತ್ತರ. ಅವರ ಮನೆಯಲ್ಲಿ ಗುಮ್ಮ ಇರಲಿಲ್ಲ, ಬೂಚಿ ಇತ್ತು. ಬೂಚಿಗೆ ಕೂದಲು ಉದ್ದ, ಹಲ್ಲು ಕೆಂಪು, ಬೆನ್ನ ಮೇಲೆ ಗೋಣಿಚೀಲ. ನಮ್ಮ ಗುಮ್ಮನಿಗೆ ಇದಾವುದೂ ಇಲ್ಲದ್ದು ನನಗೆ ಅವಮಾನವಾಗಿತ್ತು. ಹಂಪಿಗೆ ಹೋದಾಗ ಗುಡಿಯ ಕಂಬಗಳ ಮೇಲೆ ಸೊಂಡಿಲು, ಕೋರೆಹಲ್ಲು, ಗುಡ್ಡೆಗಣ್ಣು ಎಲ್ಲ ಇರುವ ಯಾಳಿಗಳನ್ನು ನೋಡಿಕೊಂಡು ಬಂದು, ನಮ್ಮ ಗುಮ್ಮ ಹಾಗಿದ್ದಾನೆ ಎಂದು ಬೊಗಳೆ ಬಿಟ್ಟೆ. ಗೆಳತಿ ನಂಬಲಿಲ್ಲ.

"ಕಾಲುವ್ಯಾಗ ಇರೋದು ಬೂಚೀನ. ನಿಮ್ಮ ಗುಮ್ಮ ಕಲ್ಲಾಗ ಇದ್ರ ಅಲ್ಲೇ ಇರ್ಲಿ" ಎಂದಳು.

ಈ ಮಾತು ನನ್ನ ಮೈಯೆಲ್ಲ ಉರಿಸಿತು. ನಮ್ಮ ಓಣಿಯ ಕಾಲುವೆ, ನಮ್ಮ ಗುಮ್ಮ, ಎಲ್ಲಿಂದಲೋ ಬಂದ ಬೂಚಿಗೆ ಅಲ್ಲೇನು ಕೆಲಸ? ಎರಡು ದಿನ ಮಾತು ಬಿಟ್ಟೆವು. ಆಮೇಲೆ ಇಬ್ಬರೂ ಕೂಡಿ ಒಂದು ತೀರ್ಮಾನಕ್ಕೆ ಬಂದೆವು: ಹೋಗಿ ನೋಡುವುದು.

ಹೋಗಿ ನೋಡಲು ದಾರಿಯೂ ಇತ್ತು. ಬೇಸಿಗೆಯಲ್ಲಿ ಕೆಲವು ದಿನ ಹೂಳೆತ್ತಲು, ಕಲ್ಲುಕಟ್ಟಡ ರಿಪೇರಿ ಮಾಡಲು ಕಾಲುವೆ ಬಂದ್ ಮಾಡುತ್ತಿದ್ದರು. ಆ ದಿನಗಳಲ್ಲಿ ತಳ ಕಾಣುತ್ತಿತ್ತು. ಕೆಸರು ಒಣಗಿ ಬಿರುಕು ಬಿಡುತ್ತಿತ್ತು. ಇಲ್ಲಿಯೇ ನಮ್ಮ ತಾಯಂದಿರ ಲೆಕ್ಕ ತಪ್ಪಿದ್ದು. ಗುಮ್ಮ ನೀರಿನಲ್ಲಿರುತ್ತಾನೆ ಎಂದು ಅವರು ಹೇಳಿದ್ದರು. ನೀರು ಹೋದರೆ ಗುಮ್ಮನೂ ಹೋದ ಎಂದು ಮಕ್ಕಳು ತಿಳಿದುಕೊಂಡಾರು ಎಂದು ಯಾರಿಗೂ ಹೊಳೆದಿರಲಿಲ್ಲ. ಒಣ ಕಾಲುವೆಗೆ ಅವರೂ ಹೆದರುತ್ತಿರಲಿಲ್ಲವಲ್ಲ. ಖಾಲಿ ಇರುವಷ್ಟು ದಿನ ಅಲ್ಲಿ ಮಕ್ಕಳು ಗೋಲಿ ಆಡುತ್ತಿದ್ದರು, ಯಾರೂ ಗದರಿಸುತ್ತಿರಲಿಲ್ಲ.

ರಸ್ತೆಯ ಅಡಿಯಲ್ಲಿ ಕಾಲುವೆ ಹಾದುಹೋಗಲು ಕಲ್ಲಿನ ಮೋರಿ ಇತ್ತು. ಅದರಲ್ಲಿ ಮೂರು ಕಿಂಡಿ. ಎರಡರಲ್ಲಿ ಹೂಳು ಎತ್ತಿದ್ದರು; ನಮ್ಮ ದಂಡೆಯ ಕಡೆಯದರಲ್ಲಿ ಅರ್ಧದಷ್ಟು ಹೂಳು ಹಾಗೇ ಇತ್ತು. ದೊಡ್ಡವರು ತೆವಳಿ ಹೋಗಬೇಕು, ನಮ್ಮಂಥವರು ಬಗ್ಗಿ ಹೋಗಬಹುದು. ಗುಮ್ಮನೋ ಬೂಚಿಯೋ ಮನೆ ಮಾಡಿದ್ದರೆ ಅಲ್ಲಿಯೇ ಎಂದು ಇಬ್ಬರಿಗೂ ಖಾತ್ರಿ ಇತ್ತು. ಗೋಣಿಚೀಲ ಸಿಕ್ಕರೆ ಬೂಚಿ, ಏನೂ ಸಿಗದಿದ್ದರೆ ಗುಮ್ಮ. ಈ ಕರಾರು ಮಾಡಿಸಿದವಳು ನಾನೇ, ಮುಂದೆ ವಾದ ಮಾಡುವವಳಾಗುತ್ತೇನೆ ಎಂದು ಅಲ್ಲಿಯೇ ಗೊತ್ತಾಗಬೇಕಿತ್ತು.

ಮಧ್ಯಾಹ್ನ ಊಟದ ಹೊತ್ತು. ಗೆಳತಿ ಕಿಂಡಿಯ ಬಾಯಲ್ಲೇ ನಿಂತಳು, ನಾನು ಒಳಗೆ ಹೋದೆ. ಒಳಗೆ ತಂಪು, ಕೊಳೆತ ಎಲೆಯ ವಾಸನೆ. ನಡುವೆ ತಲುಪಿದಾಗ ಹೊರಗೆ ದೂರದಲ್ಲಿ ಯಾರೋ ಕೂಗಿದ್ದು ಕೇಳಿಸಿತು. ನೀರಗಂಟಿಯ ಕೂಗು. ಬಂದ್ ಮುಗಿದು ನೀರು ಬಿಟ್ಟ ದಿನ ಅವನು ನೀರಿಗಿಂತ ಮುಂದೆ ದಂಡೆಯ ಮೇಲೆ ಕೂಗುತ್ತಾ ಬರುತ್ತಿದ್ದ. ಮೊದಲ ನೀರು ಓಡುವುದಿಲ್ಲ, ನಡೆಯುತ್ತದೆ. ಒಣಗಿದ ತಳ ಕುಡಿಯುತ್ತಾ ಕುಡಿಯುತ್ತಾ, ಎಲೆ ಕಸ ನೊರೆ ತಳ್ಳಿಕೊಂಡು ಬರುತ್ತದೆ. ಅವನು ಅದಕ್ಕಿಂತ ಸ್ವಲ್ಪ ಮುಂದೆ, "ನೀರು ಬಂತು, ಮ್ಯಾಲೆ ಬರ್ರಿ!" ಎನ್ನುತ್ತಾ ನಡೆಯುತ್ತಾನೆ. ಒಳಗಿದ್ದ ನನಗೆ ಅದರ ಒಂದು ಅಕ್ಷರವೂ ಬಿಡಿಯಾಗಿ ಕೇಳಲಿಲ್ಲ, ಬರೀ ದನಿ ಕೇಳಿತು. ಗೆಳತಿಗೆ ಕೇಳಿತು. ನನ್ನನ್ನು ಒಂದು ಸಲ ಕರೆದು, ಓಡಿದಳು.

ಅವಳು ಓಡಿದ್ದು ನನ್ನ ಪುಣ್ಯ. ಹತ್ತಿರದ ಬಾಳೆತೋಟದಲ್ಲಿ ಎಲೆ ಕೊಯ್ಯುತ್ತಿದ್ದ ನಮ್ಮವ್ವನ ಸೆರಗು ಹಿಡಿದು ಎಳೆದುಕೊಂಡು ಬಂದಳು. ಅದೇ ಹೊತ್ತಿಗೆ ನೀರಗಂಟಿ ಮುದುಕನೂ ಮೋರಿಯ ಮೇಲ್ಬದಿಗೆ ಬಂದಿದ್ದ. ಇದನ್ನೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಅವ್ವ ಕೆಳಬದಿಯ ಬಾಯಿಗೆ ಇಳಿದು ಕೂಗುತ್ತಿದ್ದಾಗ ಮುದುಕ ಮೇಲಿನಿಂದ ಹೇಳಿದನಂತೆ:

"ನೀ ಅಲ್ಲೇ ನಿಂದ್ರು. ನಾ ಈ ಕಡಿಂದ ಊದ್ತೀನಿ. ಹೆದರಿಕಿ ಬಿದ್ದು ನಿನ್ನ ಕಡೆ ಓಡಿ ಬರ್ತಾಳ. ಜಲ್ದಿ ಹಿಡಕೋ."

ಉಪಾಯ ಕೆಟ್ಟದ್ದಲ್ಲ. ಬೇರೆ ಯಾವ ಮಗುವಾಗಿದ್ದರೂ ಓಡಿ ಹೋಗಿ ತಾಯಿಯ ಮಡಿಲಿಗೆ ಬೀಳುತ್ತಿತ್ತು. ಆದರೆ ನಾನು ಹೇಳಿದ ಮಾತು ಕೇಳುವ ಮಗಳು.

ಒಳಗೆ ನನಗೆ ಆದದ್ದು ಇದು. ಬೆನ್ನ ಹಿಂದಿನಿಂದ ಗುಂ... ಎಂದಿತು. ಹುಣಸೆಮರದ ಆಚೆಯಿಂದ ಬರುತ್ತಿದ್ದ ದನಿ ಈಗ ಕಲ್ಲಿನ ಕೊಳವೆಯಲ್ಲಿ ತುಂಬಿ ನನ್ನ ಎದೆಯೊಳಗೇ ಊದಿದಂತಾಯಿತು. ಮುಂದಿನ ಬೆಳಕಿನ ಕಡೆಗೆ ನೋಡಿದೆ. ಆ ಬೆಳಕಿನಿಂದ ಅವ್ವನ ದನಿ ಬಂತು. "ಬಾರವ್ವಾ, ನನ್ನ ಕಡೆ ಬಾ, ನಾ ಇಲ್ಲೇ ಅದೀನಿ, ಬಾ." ಕಾಲುವೆಯೊಳಗಿಂದ ಅವ್ವನ ದನಿ. ಅವ್ವ ನನ್ನನ್ನು ಕಾಲುವೆಗೆ ಎಂದೂ ಕರೆಯುವುದಿಲ್ಲ. ಹಾಗಾದರೆ ಹಿಂದೆ ಇರುವವನೂ ಅವನೇ, ಮುಂದೆ ಇರುವವನೂ ಅವನೇ. ನನಗೆ ಇದರಲ್ಲಿ ಸ್ವಲ್ಪವೂ ಅನುಮಾನ ಇರಲಿಲ್ಲ. ಗೋಡೆಗೆ ಒತ್ತಿ, ಮಂಡಿಯ ನಡುವೆ ತಲೆ ಹುದುಗಿಸಿ ಕೂತೆ. ಕರೆದಷ್ಟೂ ಕಿವಿ ಮುಚ್ಚಿದೆ.

ಅವ್ವ ಬೇಡಿಕೊಂಡಳು, ಬೈದಳು, ಬೆಲ್ಲ ಕೊಡುತ್ತೇನೆ ಎಂದಳು. ಮೇಲಿನಿಂದ ಮುದುಕ ನೀರು ಕಾಣತೊಡಗಿತು ಎಂದು ಕೂಗಿದ. ಆಗ ಅವ್ವ, "ಗುಮ್ಮ ಇಲ್ಲವ್ವಾ, ನಾನ ಸುಳ್ಳು ಹೇಳಿದ್ದೆ, ಬಾ" ಎಂದಳಂತೆ. ಅದು ನನಗೂ ಕೇಳಿಸಿತ್ತು. ಗುಮ್ಮನ ಹೊರತು ಇಂಥ ಮಾತು ಯಾರು ಹೇಳುತ್ತಾರೆ ಎಂದುಕೊಂಡೆ.

ನಮ್ಮವ್ವ ದಪ್ಪನೆಯ ಹೆಂಗಸು. ಆ ಕಿಂಡಿಯಲ್ಲಿ ಅವಳು ಹಿಡಿಸುವುದು ಕಷ್ಟ ಎಂದು ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಅವಳು ಯಾರನ್ನೂ ಕೇಳಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಹೊಟ್ಟೆಯ ಮೇಲೆ ತೆವಳುತ್ತಾ ಒಳಗೆ ಬಂದಳು. ಬೆಳಕು ಮುಚ್ಚಿಹೋಯಿತು. ಉಸಿರು ಹತ್ತಿರವಾಯಿತು, ಕೆಸರಿನ ಕೈಯೊಂದು ನನ್ನ ಕಾಲನ್ನು ಹಿಡಿಯಿತು. ನಾನು ಕಿರುಚಿದೆ, ಒದ್ದೆ, ಕೈ ಬಿಡಲಿಲ್ಲ. ಬಗ್ಗಿ ಆ ಕೈಯನ್ನು ಕಚ್ಚಿದೆ. ಬಾಯಿಗೆ ರಕ್ತದ ರುಚಿ ಬರುವವರೆಗೆ ಕಚ್ಚಿದೆ, ಆಗಲೂ ಬಿಡಲಿಲ್ಲ. ಆಮೇಲೆ ಕೇಳಿಸಿತು, ಆ ಕತ್ತಲಲ್ಲಿ ಅದು ಅಳುತ್ತಿತ್ತು. ಬಾಯಿ ಬಡಿದುಕೊಂಡು ಅಳುವ ಅಳುವಲ್ಲ, ಬಿಕ್ಕಿ ಬಿಕ್ಕಿ, ಉಸಿರು ಸಿಗದೆ. ಗುಮ್ಮ ಅಳುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಲ್ಲು ಸಡಿಲ ಬಿಟ್ಟೆ. "ಅವ್ವಾ" ಎಂದೆ.

ಎಳೆದುಕೊಂಡು ಹಿಂದೆ ಹಿಂದೆ ತೆವಳಿದಳು. ನಮ್ಮ ಮೈಗೆ ಮೊದಲು ಎಲೆಕಸ ತಾಗಿತು, ಆಮೇಲೆ ತಣ್ಣನೆಯ ನೀರು. ಹೊರಗೆ ಬರುವಷ್ಟರಲ್ಲಿ ನೀರು ಅವಳ ಗದ್ದದವರೆಗೆ ಬಂದಿತ್ತು, ಅವಳು ಮಲಗಿ ತೆವಳುತ್ತಿದ್ದರಿಂದ. ಮುದುಕ ಮತ್ತು ತೋಟದಿಂದ ಓಡಿಬಂದ ಇಬ್ಬರು ಆಳುಗಳು ನಮ್ಮನ್ನು ರೆಟ್ಟೆ ಹಿಡಿದು ದಂಡೆಗೆ ಎತ್ತಿ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಆ ಕಿಂಡಿ ಕಾಣದಂತೆ ಕೆಂಪು ನೀರು ತುಂಬಿಕೊಂಡಿತು. ಅವ್ವ ನನ್ನ ಬೆನ್ನಿನ ಮೇಲೆ ನಾಲ್ಕು ಬಿಗಿದಳು. ಆಮೇಲೆ ತಬ್ಬಿಕೊಂಡಳು, ಆಮೇಲೆ ಮತ್ತೆ ಬಿಗಿದಳು. ಮುದುಕ ಮತ್ತೆ ಕೂಗುತ್ತಾ ದಂಡೆಯ ಮೇಲೆ ಹೊರಟ. ನಮ್ಮಿಂದಾಗಿ ಅವನು ಅವತ್ತು ನೀರಿಗಿಂತ ಹಿಂದೆ ಬಿದ್ದಿದ್ದ, ಓಡಬೇಕಾಯಿತು.

ಸಂಜೆ ಅವ್ವ ಕೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಪಕ್ಕ ಕೂತಿದ್ದೆ. ಕೇಳಲೇಬೇಕಿತ್ತು, ಕೇಳಿದೆ.

"ಅವ್ವಾ, ಗುಮ್ಮ ಅದಾನೋ ಇಲ್ಲೋ?"

ಅವಳ ಕಷ್ಟ ನನಗೆ ಈಗ ಅರ್ಥವಾಗುತ್ತದೆ. ಇಲ್ಲ ಎಂದರೆ ನಾಳೆ ಬೆಳಗ್ಗೆ ಅವಳು ಕೂಲಿಗೆ ಹೋದ ಮೇಲೆ ತುಂಬಿದ ಕಾಲುವೆಯ ದಂಡೆಯಲ್ಲಿ ನನ್ನನ್ನು ತಡೆಯುವವರು ಯಾರೂ ಇಲ್ಲ. ಇದ್ದಾನೆ ಎಂದರೆ ಅವಳ ದನಿಯನ್ನು ನಾನು ಇನ್ನೆಂದೂ ನಂಬುವುದಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವಳು ಅದನ್ನು ತೆಗೆದು ಬದಿಗಿಟ್ಟಳು.

"ಇಲ್ಲ" ಎಂದಳು. "ನೀರೈತಿ. ಅದು ಯಾರ ದನೀನೂ ಮಾಡಂಗಿಲ್ಲ, ಯಾರ್ನೂ ಕರೆಯಂಗಿಲ್ಲ. ಸುಮ್ನ ಒಯ್ತತಿ."

ನನಗೆ ಗುಮ್ಮನಿಗಿಂತ ಈ ಮಾತು ಹೆಚ್ಚು ಹೆದರಿಕೆ ಹುಟ್ಟಿಸಿತು. ಸಿಟ್ಟೂ ಬಂತು. ಇಷ್ಟು ದಿನ ಯಾರಿಗಾಗಿ ನಾನು ಗೆಳತಿಯ ಜೊತೆ ಕಾದಾಡಿದ್ದೆ? ಬೂಚಿ ಇನ್ನೂ ಅವರ ಮನೆಯಲ್ಲಿ ಕ್ಷೇಮವಾಗಿತ್ತು, ನಮ್ಮ ಗುಮ್ಮ ಮಾತ್ರ ಒಂದು ಸಂಜೆಯಲ್ಲಿ ಇಲ್ಲವಾಗಿದ್ದ. ಅವತ್ತು ರಾತ್ರಿಯ ಊಟವನ್ನು ನಾನು ಅಳುತ್ತಲೇ ಮಾಡಿದೆ.

ಅವ್ವ ಅಷ್ಟಕ್ಕೇ ಬಿಡಲಿಲ್ಲ. ಬಂದ ಭಾನುವಾರ ನೀರಗಂಟಿ ಮುದುಕನ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ, "ಇವಳಿಗೆ ಈಜು ಕಲಿಸು ಮಾವಾ" ಎಂದಳು. ನಮ್ಮ ಓಣಿಯಲ್ಲಿ ಗಂಡುಹುಡುಗರು ಈಜುತ್ತಿದ್ದರು, ಹೆಣ್ಣುಮಕ್ಕಳು ಈಜಿದ್ದನ್ನು ಯಾರೂ ಕಂಡಿರಲಿಲ್ಲ. ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ ಎಂದು ಒಬ್ಬರು, ಒಮ್ಮೆ ಉಳಿದದ್ದು ಸಾಲದೇ ಎಂದು ಇನ್ನೊಬ್ಬರು. ಅಪ್ಪನೂ ಗೊಣಗಿದ. ಅವ್ವ ಯಾರಿಗೂ ಸೊಪ್ಪು ಹಾಕಲಿಲ್ಲ.

ಒಗೆಯುವ ಮೆಟ್ಟಿಲಿನ ಹತ್ತಿರ, ನೀರು ಕಡಿಮೆ ಇರುವ ಕಡೆ, ಮುದುಕ ನನ್ನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿದ. ಸೊಂಟಕ್ಕೆ ಹಗ್ಗ ಹಾಕಿ ಅದರ ಇನ್ನೊಂದು ತುದಿಯನ್ನು ದಂಡೆಯ ಮೇಲಿದ್ದ ಅವ್ವನಿಗೆ ಕೊಟ್ಟ. ಅವ್ವ ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ತನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕತೊಡಗಿದಳು.

"ಕೈಯಾಗ ಹಿಡಕೊಂಡ್ರ ಸಾಕವ್ವಾ" ಎಂದ ಮುದುಕ. "ನೀರು ಎಳದ್ರ ನೀನೂ ಹೋಗ್ತೀಯಲ್ಲ."

"ಕೈ ಬಿಟ್ಟೀತು ಮಾವಾ" ಎಂದಳು ಅವ್ವ, ಗಂಟು ಬಿಗಿಯುತ್ತಾ.

ಆಮೇಲೆ ಕಾಲುವೆಯ ದಂಡೆಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ನೀರಿಗಿಳಿ ಎಂದು ನನ್ನನ್ನು ಕೂಗಿದಳು. ನಾನು ಇಳಿದೆ. ಅವ್ವನಿಗೆ ಈಜು ಬರುತ್ತಿರಲಿಲ್ಲ.